ಬಸ್ಸು ತೊಳೆಯುವ ಅಕ್ಕ, ಬಾಯಿ ಬಿಡದ ಮಗಳು

ಹಿಂದಿನ ಬಾಗಿಲ ಪಕ್ಕದ ಸೀಟಿಗೆ ಅಂಟಿಸಿದ ಸ್ಟಿಕ್ಕರ್ ಏನು ಮಾಡಿದರೂ ಬಿಡುತ್ತಿಲ್ಲ. ಬ್ಲೇಡು ಹಾಕಿದರೆ ರೆಕ್ಸಿನ್ ಹರಿಯುತ್ತದೆ, ಆಮೇಲೆ ಮೇಸ್ತ್ರಿ ಕೂಗಾಡುತ್ತಾರೆ. ಬಕೆಟ್ ಅಕ್ಕ ಮಂಡಿಯೂರಿ ಕೂತು ಬಟ್ಟೆಯ ತುದಿಯನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ ಸ್ಟಿಕ್ಕರಿನ ಮೇಲೆ ಒತ್ತಿ ಹಿಡಿಯುತ್ತಾರೆ. ಹೊರಗೆ ಡಿಪೊದ ಅಂಗಳದಲ್ಲಿ ಬೆಳಕು ಈಗಷ್ಟೇ ಮೂಡುತ್ತಿದೆ. ಎಣ್ಣೆ ಇಂಗಲಿ ಎಂದು ಬಿಟ್ಟು, ಅಷ್ಟರಲ್ಲಿ ಪಕ್ಕದ ಕಿಟಕಿ ಒರೆಸಿ ಮುಗಿಸುತ್ತಾರೆ. ತಿರುಗಿ ಬಂದು ಉಗುರಿನಿಂದ ಮೂಲೆ ಎಬ್ಬಿಸಿದರೆ ಸ್ಟಿಕ್ಕರ್ ತಂಟೆಯಿಲ್ಲದೆ ಇಡಿಯಾಗಿ ಎದ್ದು ಬರುತ್ತದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ: 'ಹೊರಗಿನವರು ಹೊರಗೆ'.

ಅಕ್ಕ ಅದನ್ನು ಮಡಚಿ ಕಸದ ಚೀಲಕ್ಕೆ ಹಾಕುತ್ತಾರೆ. ಹೊರಗಿನವರು ಅಂದರೆ ಯಾರು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಈ ಊರಿನ ಅಕ್ಷರ ನಾನು ಕಲಿತಿದ್ದೇ ಇದರಿಂದ" ಎಂದು ನಗುತ್ತಾರೆ. "ಬಸ್ಸಿನ ಬೋರ್ಡು ಎತ್ತರದಲ್ಲಿರುತ್ತೆ, ಓದೋಷ್ಟರಲ್ಲಿ ಬಸ್ಸು ಹೋಗಿಬಿಡುತ್ತೆ. ಇದು ಮೂಗಿನ ಮುಂದೇನೇ ಇರುತ್ತೆ. ದಿನಾ ಇದನ್ನೇ ಉಜ್ಜಿದ್ರೆ ಎಂಥ ದಡ್ಡಿಗೂ ಓದೋಕೆ ಬರುತ್ತೆ."

ಈ ಡಿಪೊದಲ್ಲಿ ಬಸ್ಸು ತೊಳೆಯುವವರು ನಾಲ್ಕು ಜನ. ಹೊರಮೈಗೆ ಯಂತ್ರವಿದೆ, ಎರಡು ದೊಡ್ಡ ಬ್ರಷ್ಷುಗಳ ನಡುವೆ ಬಸ್ಸು ಹಾದುಹೋದರೆ ಸ್ನಾನ ಮುಗಿಯಿತು. ಒಳಗಿನದು ಮಾತ್ರ ಪೂರಾ ಕೈಕೆಲಸ. ಅಕ್ಕನ ಪಾಲಿಗೆ ದಿನಕ್ಕೆ ಹನ್ನೊಂದು ಬಸ್ಸು. ಗುಡಿಸಬೇಕು, ಸೀಟು ಒರೆಸಬೇಕು, ಹಿಡಿಕೆಗಳನ್ನು ಸೋಪಿನ ನೀರಲ್ಲಿ ಉಜ್ಜಬೇಕು, ಯಾರೋ ವಾಂತಿ ಮಾಡಿದ ಮೂಲೆಗೆ ಮರದ ಹೊಟ್ಟು ಸುರಿದು ಎತ್ತಬೇಕು. ಬೇರೆಯವರು ಒಂದು ಬಕೆಟ್ ನೀರಲ್ಲಿ ಮೂರು ಬಸ್ಸು ಮುಗಿಸಿದರೆ ಇವರು ಪ್ರತಿ ಬಸ್ಸಿಗೂ ನೀರು ಬದಲಾಯಿಸುತ್ತಾರೆ. ಹಾಗಾಗಿ ಡಿಪೊದ ಮೇಸ್ತ್ರಿ ಗೇಲಿಗೆಂದು ಇಟ್ಟ ಹೆಸರು 'ಬಕೆಟ್ ಅಕ್ಕ', ಈಗ ಅದೇ ಖಾಯಂ ಆಗಿದೆ. "ಈಯಮ್ಮ ಒಂದಿನ ನಲ್ಲೀನೇ ಒಣಗಿಸಿಬಿಡ್ತಾರೆ" ಎಂದು ಮೇಸ್ತ್ರಿ ಈಗಲೂ ಗೊಣಗುತ್ತಾರೆ, ಗೊಣಗುತ್ತಲೇ ಬಂದು ಪೈಪು ಎಳೆದು ಕೊಡುತ್ತಾರೆ.

ಬಸ್ಸು ಹತ್ತಿದೊಡನೆ ಕಿಟಕಿ ಪಕ್ಕದ ಸೀಟಿಗೆ ಕಣ್ಣು ಹಾಕುವ ನಮಗೆ, ಆ ಕಿಟಕಿಯನ್ನು ಯಾರು ಒರೆಸಿದರು ಎಂಬ ಯೋಚನೆ ಬರುವುದಿಲ್ಲ. ಕೊಳೆಯಾಗಿದ್ದರೆ ಮಾತ್ರ ಬರುತ್ತದೆ, ಆಗ ಬಾಯಿಗೆ ಬಂದಂತೆ ಬೈಯುತ್ತೇವೆ. ಇದರ ಬಗ್ಗೆ ಅಕ್ಕನಿಗೆ ದೂರೇನೂ ಇಲ್ಲ. "ಯಾರೂ ಏನೂ ಅನ್ನಲಿಲ್ಲ ಅಂದ್ರೆ ಕೆಲಸ ಚೆನ್ನಾಗಿ ಆಗಿದೆ ಅಂತ ಲೆಕ್ಕ" ಎನ್ನುತ್ತಾರೆ. ಆದರೆ ಕಳೆದ ವರ್ಷ ಅವರದೇ ಮನೆಯ ಒಂದು ಪುಟ್ಟ ಬಾಯಿ ಏನೂ ಅನ್ನದೆ ಮುಚ್ಚಿಕೊಂಡಿತು. ಆರು ವರ್ಷದ ಮಗಳದು. ಮನೆಯಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುತ್ತಾರೆ.

ಅಕ್ಕ ಈ ಊರಿಗೆ ಬಂದು ಏಳು ವರ್ಷವಾಯಿತು. ಗಡಿಯಾಚೆಯ ತಮ್ಮ ಊರಲ್ಲಿ ಗಂಡ ದುಡಿಯುತ್ತಿದ್ದ ಗಾಜಿನ ಕಾರ್ಖಾನೆಗೆ ಬೀಗ ಬಿತ್ತು. ದೂರದ ಸಂಬಂಧದ ಭಾವನೊಬ್ಬ ಇಲ್ಲಿ ಇದ್ದ, "ಬಂದುಬಿಡಿ, ಏನಾದ್ರೂ ಮಾಡೋಣ" ಎಂದ. ಬಂದುಬಿಟ್ಟರು. ಗಂಡ ಈಗ ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಲಾರಿಯಲ್ಲಿ ಕೆಲಸಕ್ಕಿದ್ದಾರೆ. ಬೀರು, ಮಂಚ, ಫ್ರಿಜ್ಜು ಹೊತ್ತು ಮಹಡಿ ಹತ್ತುತ್ತಾರೆ, ಇಳಿಯುತ್ತಾರೆ. "ಊರು ಬಿಟ್ಟಿದ್ದು ಸಾಲದು ಅಂತ ದಿನಾ ಬೇರೆಯವರ ಗಂಟುಮೂಟೇನೂ ಇವರೇ ಎತ್ತಬೇಕು" ಎಂದು ಅಕ್ಕ ಗಂಡನನ್ನು ಚುಡಾಯಿಸುತ್ತಾರೆ. ಗಂಡ ಮಾತು ಕಮ್ಮಿ, ನಕ್ಕು ಸುಮ್ಮನಾಗುವ ಮನುಷ್ಯ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯೇ ಮನೆ. ಪುಟ್ಟಿ ಹುಟ್ಟಿದ್ದು ಇದೇ ಊರಿನ ಆಸ್ಪತ್ರೆಯಲ್ಲಿ. ಶಾಲೆಗೆ ಸೇರುವ ತನಕ ಅಮ್ಮನ ಸೊಂಟಕ್ಕೆ ಅಂಟಿಕೊಂಡೇ ಬೆಳೆದವಳು, ಹಾಗಾಗಿ ಬಾಯಿ ತುಂಬ ಮನೆ ಮಾತು. ಊರ ಮಾತು ಅಲ್ಪಸ್ವಲ್ಪ. ಬಾಯಿಯೋ, ಅರಳು ಹುರಿದ ಹಾಗೆ. ಬಸ್ಸಿನಲ್ಲಿ ಕೂತರೆ ಇಳಿಯುವ ತನಕ ಕಿಟಕಿಯಾಚೆ ಕಂಡದ್ದಕ್ಕೆಲ್ಲ ಒಂದು ಪ್ರಶ್ನೆ. "ಇವಳ ಬಾಯಿಗೆ ಒಂದು ಬಿರಡೆ ಸಿಕ್ಕಿದ್ರೆ ತಂದುಕೊಡಿ ಅಂತ ಇವಳ ಅಪ್ಪನ ಹತ್ರ ಹೇಳ್ತಿದ್ದೆ. ತಮಾಷೆಗೆ" ಎನ್ನುವಾಗ ಅಕ್ಕನ ದನಿ ಸಣ್ಣಗಾಗುತ್ತದೆ.

ಆಮೇಲೆ ಚುನಾವಣೆ ಬಂತು. ಧ್ವನಿವರ್ಧಕ ಕಟ್ಟಿಕೊಂಡ ವ್ಯಾನುಗಳು ಬೀದಿ ಸುತ್ತಿದವು. ಕೆಲಸ ಸಿಗದಿರುವುದಕ್ಕೆ, ಬಾಡಿಗೆ ಏರಿದ್ದಕ್ಕೆ, ಆಸ್ಪತ್ರೆಯಲ್ಲಿ ಸಾಲು ಉದ್ದವಾಗಿದ್ದಕ್ಕೆ, ಎಲ್ಲಕ್ಕೂ ಒಂದೇ ಕಾರಣ ಎಂದು ಕೂಗಿದವು. ಬಸ್ಸುಗಳಲ್ಲಿ ಸ್ಟಿಕ್ಕರ್ ಶುರುವಾದದ್ದೂ ಆಗಲೇ. ಚುನಾವಣೆ ಮುಗಿಯಿತು, ಕೂಗು ಮುಗಿಯಲಿಲ್ಲ. ಅಕ್ಕನ ಕುಟುಂಬದ ಕಾಗದಪತ್ರವೆಲ್ಲ ಸರಿಯಾಗಿಯೇ ಇದೆ. ಆದರೆ ಬೀದಿಯಲ್ಲಿ ಮುಖ ಸಿಂಡರಿಸುವವರು ಕಾಗದ ನೋಡಿ ಸಿಂಡರಿಸುವುದಿಲ್ಲವಲ್ಲ. ದಿನವೂ ಕುಶಲ ಕೇಳುತ್ತಿದ್ದ ತರಕಾರಿಯವಳು ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಡತೊಡಗಿದಳು. ಗಂಡನ ಜೊತೆ ಲಾರಿಯಲ್ಲಿದ್ದ ಹುಡುಗ ರಸ್ತೆಯಲ್ಲಿ ನಿಂತು ಫೋನಿನಲ್ಲಿ ತಾಯಿಯ ಜೊತೆ ಮನೆ ಮಾತಲ್ಲಿ ಮಾತಾಡುತ್ತಿದ್ದಾಗ ಯಾರೋ ಕಪಾಳಕ್ಕೆ ಬಾರಿಸಿ ಹೋದರು. ಆ ಹುಡುಗನಿಗೆ ಎಡಗಿವಿಯಲ್ಲಿ ಈಗಲೂ ಗುಂಯ್ ಎನ್ನುವ ಸದ್ದು ನಿಂತಿಲ್ಲ.

ಅಕ್ಕನಿಗೆ ಯಾರೂ ಹೊಡೆಯಲಿಲ್ಲ. ಆದರೂ ಅವರ ಮೈ ಏಟು ತಿಂದ ಮೈಯಂತೆಯೇ ನಡೆದುಕೊಳ್ಳತೊಡಗಿತು. ಊಟ ಮಾಡಿದರೆ ಹೊಟ್ಟೆಯಲ್ಲಿ ಉರಿ. ಬಾಚಣಿಗೆ ತುಂಬ ಕೂದಲು. ಗಂಡ ನಿದ್ದೆಯಲ್ಲಿ ಹಲ್ಲು ಕಡಿಯುವ ಸದ್ದಿಗೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ಊರಲ್ಲಿರುವ ತಾಯಿಗೆ ಫೋನ್ ಮಾಡಬೇಕೆಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದರು. ಆ ತಾಯಿ, "ಅಲ್ಲೇನು ದಿನಾ ಮಳೆಯೇನೇ?" ಎಂದು ಕೇಳುತ್ತಿದ್ದರಂತೆ.

"ಡಾಕ್ಟರ ಹತ್ರ ಹೋದೆ. ಮನಸ್ಸಿಗೆ ಏನಾದ್ರೂ ಚಿಂತೆ ಇದೆಯಾ ಅಂದ್ರು. ಇಲ್ಲ ಅಂದೆ. ಇದೆ ಅಂದ್ರೆ, ಹಾಗಾದ್ರೆ ನಿಮ್ಮೂರಿಗೆ ಹೋಗಿ ಅಂತಾರೇನೋ ಅನ್ನಿಸ್ತು. ಪಾಪ, ಅವರು ಅಂಥವರಲ್ಲ. ಆದರೆ ಯಾರು ಎಂಥವರು ಅಂತ ಹೇಗೆ ಗೊತ್ತಾಗುತ್ತೆ?"

ಮೇಸ್ತ್ರಿಯ ವಿಷಯ ಇನ್ನೂ ವಿಚಿತ್ರ. ಸ್ಟಿಕ್ಕರಿನವರ ಪಕ್ಷಕ್ಕೇ ಓಟು ಹಾಕಿದವರು, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಒಂದು ಬೆಳಿಗ್ಗೆ ಅಕ್ಕ ಸ್ಟಿಕ್ಕರ್ ಕೀಳುತ್ತಿದ್ದಾಗ ಪಕ್ಕದಲ್ಲಿ ನಿಂತು, "ಇದು ನಿಮ್ಮಂಥವರ ಬಗ್ಗೆ ಅಲ್ಲ ಅಕ್ಕ" ಎಂದರು. "ಮತ್ತೆ ಯಾರ ಬಗ್ಗೆ ಸಾರ್?" ಎಂದು ಅಕ್ಕ ಕೇಳಿದರು. ಕೊಂಕಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಮೇಸ್ತ್ರಿ ನಲ್ಲಿ ಸೋರುತ್ತಿದೆ ಎಂದು ಆ ಕಡೆ ಹೋದರು.

ಲಾರಿಯ ಆ ಹುಡುಗ ಕಪಾಳಕ್ಕೆ ಏಟು ತಿಂದ ವಾರವೇ ಮನೆಯಲ್ಲಿ ಒಂದು ಆಟ ಹುಟ್ಟಿಕೊಂಡಿತು. ಭಯಪಡಿಸಿ ಹೇಳಿದರೆ ಮಗು ಬೆಚ್ಚುತ್ತದೆ, ಆಟ ಮಾಡಿ ಹೇಳಿದರೆ ಖುಷಿಯಿಂದ ಕೇಳುತ್ತದೆ ಎಂದು ಅಕ್ಕನೇ ಕಟ್ಟಿದ ಆಟ. ಹೆಸರು 'ಬಾಯಿಗೆ ಬೀಗ'. ಹೊಸ್ತಿಲು ದಾಟಿದ ಮೇಲೆ ಮನೆ ಮಾತು ಆಡಬಾರದು. ಯಾರಾದರೂ ಮನೆ ಮಾತಲ್ಲಿ ಕರೆದರೆ ತಿರುಗಿ ನೋಡಬಾರದು. ಅಮ್ಮನೇ ಕರೆದರೂ ತಿರುಗಬಾರದು. ಗೆದ್ದರೆ ಮನೆಗೆ ಬಂದಮೇಲೆ ಒಂದು ಮಿಠಾಯಿ.

"ಆ ಕೊನೇದು ಯಾಕೆ ಸೇರಿಸಿದೆ ಅಂದ್ರೆ, ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇರಲಿಲ್ಲ. ಮರೆತು ಕರೆದುಬಿಟ್ಟೆ ಅಂದ್ಕೊಳ್ಳಿ, ಅವಳೂ ಓ ಅಂದ್ಲು ಅಂದ್ಕೊಳ್ಳಿ, ಇಬ್ಬರೂ ಸಿಕ್ಕಿಬೀಳ್ತೀವಲ್ಲ."

ಪರೀಕ್ಷೆಯನ್ನೂ ಮಾಡಿದರು. ಜನರಿಲ್ಲದ ಬೀದಿಯಲ್ಲಿ ಮುಂದೆ ಹೋಗುತ್ತಿದ್ದ ಪುಟ್ಟಿಯನ್ನು ಹಿಂದಿನಿಂದ ಮನೆ ಮಾತಲ್ಲಿ ಮೆಲ್ಲಗೆ ಕರೆಯುವುದು. ಮೊದಲೆರಡು ಸಲ ತಿರುಗಿದಳು. ಮೂರನೆಯ ಸಲ ಕತ್ತು ಸೆಟೆಸಿಕೊಂಡು ನಡೆದಳು. "ಇಲ್ನೋಡು, ಬೆಕ್ಕಿನ ಮರಿ" ಎಂದರೂ ತಿರುಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಜಾಣೆ ಅಂದರೆ ನಮ್ಮ ಪುಟ್ಟಿ ಎಂದು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಮೇಲೆ ಹತ್ತಿದರು.

ಒಂದು ಭಾನುವಾರ ಮೂವರೂ ದೊಡ್ಡ ಬಸ್ ನಿಲ್ದಾಣದಲ್ಲಿದ್ದರು. ಗಂಡ ನೀರಿನ ಬಾಟಲಿ ತರಲು ಹೋದರು. ಅಷ್ಟರಲ್ಲಿ ಬಾವುಟ ಹಿಡಿದ ಮೆರವಣಿಗೆಯೊಂದು ನಿಲ್ದಾಣದೊಳಗೇ ನುಗ್ಗಿತು, ನಿಂತಿದ್ದ ಜನ ದಿಕ್ಕಾಪಾಲಾಗಿ ಸರಿದರು. ಪುಟ್ಟಿಯ ಕೈ ಜಾರಿತು. ಅಕ್ಕನಿಗೆ ಆಗ ಊರ ಮಾತಿನ ಒಂದು ಪದವೂ ನೆನಪಾಗಲಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಗಾಳಿಗೆ ಹೋಗಿ, ಬಾಯಿಂದ ಬಂದದ್ದು ಮನೆ ಮಾತೇ. ಆ ಮೆರವಣಿಗೆಯ ನಡುವೆ ನಿಂತು, ಯಾವ ಮಾತನ್ನು ಬಚ್ಚಲಲ್ಲಿ ಬಚ್ಚಿಟ್ಟು ಆಡುತ್ತಿದ್ದರೋ ಆ ಮಾತಲ್ಲೇ ಮಗಳನ್ನು ಕೂಗಿದರು. ಕಂಬಗಳ ನಡುವೆ, ಟಿಕೆಟ್ ಕಿಟಕಿಗಳ ಹತ್ತಿರ, ಬಸ್ಸುಗಳ ಸಂದಿಯಲ್ಲಿ ಕೂಗುತ್ತಾ ಓಡಾಡಿದರು. ಯಾವ ಕಡೆಯಿಂದಲೂ ಉತ್ತರವಿಲ್ಲ.

ಮೆರವಣಿಗೆ ಕಳೆದು ಜನ ತೆಳುವಾದಾಗ ಮಗು ಕಂಡಿತು. ದೂರವೇನೂ ಹೋಗಿರಲಿಲ್ಲ. ವೇಳಾಪಟ್ಟಿಯ ಬೋರ್ಡಿನ ಕೆಳಗೆ, ಅಮ್ಮನಿಗೆ ಬೆನ್ನು ಹಾಕಿ, ತುಟಿ ಬಿಗಿದುಕೊಂಡು ಕೂತಿತ್ತು. ಇಷ್ಟು ಹೊತ್ತೂ ಅಮ್ಮನ ಕೂಗು ಕೇಳಿಸಿಕೊಳ್ಳುತ್ತಲೇ ಇತ್ತು. ಅಕ್ಕ ಹೋಗಿ ಬಾಚಿ ಎತ್ತಿಕೊಂಡಾಗ ಪುಟ್ಟಿ ಅವರ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಅಮ್ಮ, ನಾನು ಗೆದ್ದೆ ಅಲ್ವಾ?"

ಇದನ್ನು ಹೇಳುವಾಗ ಅಕ್ಕ ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ಇರುತ್ತಾರೆ. ಅದರಲ್ಲಿ ನೀರು ಯಾವಾಗಲೋ ಮುಗಿದಿದೆ. "ಗೆದ್ದೆ ಕಂದ ಅಂದೆ. ಇನ್ನೇನು ಹೇಳಲಿ? ನಾನು ಹೇಳಿಕೊಟ್ಟಿದ್ದನ್ನೇ ಅಲ್ವಾ ಅವಳು ಮಾಡಿದ್ದು?"

ಮನೆಗೆ ಬಂದು ಆಟ ಮುಗಿಯಿತು ಎಂದು ಸಾರಿದರು. ಇನ್ನು ಬೀಗವಿಲ್ಲ, ಎಲ್ಲಿ ಬೇಕಾದರೂ ಮಾತಾಡು, ನಾನು ಕರೆದರೆ ಓಡಿ ಬಾ. ಪುಟ್ಟಿ ತಲೆಯಾಡಿಸಿದಳು. ಮಾರನೆಯ ದಿನ ಹೊಸ್ತಿಲು ದಾಟಿದ ಮೇಲೆ ಅಕ್ಕ ಮೆಲ್ಲಗೆ ಕರೆದರೆ ತುಟಿ ಬಿಗಿದು ಮುಂದೆ ನಡೆದಳು. ಜಾಣೆ ಅಲ್ಲವೇ, ಬೆಕ್ಕಿನ ಮರಿಗೇ ಮೋಸ ಹೋಗದವಳು ಇದಕ್ಕೆ ಹೋಗುತ್ತಾಳೆಯೇ? 'ಆಟ ಮುಗಿಯಿತು' ಎನ್ನುವುದೂ ಅಮ್ಮನ ಇನ್ನೊಂದು ಪರೀಕ್ಷೆ ಎಂದು ಅವಳು ತಿಳಿದಿದ್ದಳು.

ವಾರಗಳು ಕಳೆದಂತೆ ಬೀಗ ಇನ್ನಷ್ಟು ಬಿಗಿಯಾಯಿತು. ಹೊರಗೆ ಮನೆ ಮಾತು ಮಾತ್ರವಲ್ಲ, ಊರ ಮಾತೂ ನಿಂತಿತು. ಶಾಲೆಯಲ್ಲಿ ಹಾಜರಿ ಕರೆದರೆ ಕೈಯೆತ್ತುವುದಷ್ಟೇ. ಬಚ್ಚಲಿಗೆ ಹೋಗಬೇಕೆಂದು ಕೇಳಲಾಗದೆ ಒಂದು ದಿನ ಬೆಂಚಿನಲ್ಲೇ ಒದ್ದೆ ಮಾಡಿಕೊಂಡಳು. ಟೀಚರಮ್ಮ ಅಕ್ಕನನ್ನು ಕರೆಸಿದರು. ಮಗುವಿಗೆ ಕಿವಿ ಸರಿ ಇದೆಯೇ, ನಾಲಿಗೆ ಸರಿ ಇದೆಯೇ ಎಂದು ವಿಚಾರಿಸಿದರು. "ಎಲ್ಲ ಸರಿ ಇದೆ ಮೇಡಂ, ನಾನೇ ಕೆಡಿಸಿದ್ದು" ಎಂದು ಅಕ್ಕ ಅತ್ತುಬಿಟ್ಟರು. ಟೀಚರಮ್ಮ ಒಳ್ಳೆಯ ಹೆಂಗಸು. ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಗುವನ್ನು ನನ್ನ ಪಕ್ಕದ ಬೆಂಚಿನಲ್ಲೇ ಕೂರಿಸಿಕೊಳ್ಳುತ್ತೇನೆ, ಅವಸರ ಮಾಡುವುದು ಬೇಡ ಎಂದರು.

ಗುಟ್ಟು ಬಿಟ್ಟುಕೊಟ್ಟವಳು ಪುಟ್ಟಿಯೇ. ಒಂದು ಸಂಜೆ ತಲೆಗೆ ನೀರು ಹಾಕುತ್ತಿದ್ದಾಗ ಅಕ್ಕ ಮತ್ತೆ ಗೋಗರೆದರು. ಆಟ ಮುಗಿದು ಎಷ್ಟೋ ದಿನ ಆಯಿತಲ್ಲ ಕಂದ, ನಿಜವಾಗಲೂ ಮುಗಿಯಿತು. ಸೋಪಿನ ನೊರೆಯೊಳಗಿಂದ ಉತ್ತರ ಬಂತು: "ಸುಳ್ಳು. ನೀನು ಇನ್ನೂ ಆಡ್ತಾನೇ ಇದ್ದೀಯ. ನೀನೂ ಹೊರಗೆ ಹೋದ್ರೆ ಬಾಯೇ ಬಿಡಲ್ಲ. ನೀನು ಸೋತರೆ ನಾನೂ ಸೋಲ್ತೀನಿ."

ಅಕ್ಕ ತಂಬಿಗೆ ಕೆಳಗಿಟ್ಟರು. ಮಗು ಹೇಳಿದ್ದು ಸತ್ಯ. ನಿಲ್ದಾಣದ ಆ ಒಂದು ದಿನ ಬಿಟ್ಟರೆ, ವರ್ಷದಿಂದ ಅವರು ಹೊರಗೆ ಮನೆ ಮಾತಿನ ಒಂದಕ್ಷರ ಆಡಿರಲಿಲ್ಲ. ಬೀಗ ಮೊದಲು ಬಿದ್ದದ್ದು ಅವರ ಬಾಯಿಗೇ.

ಮಾತಾಡಲೇಬೇಕು ಎಂದು ತೀರ್ಮಾನಿಸಿ ಗಂಡನಿಗೆ ಹೇಳಿದರೆ ಅವರು ಹೌಹಾರಿದರು. "ನಿನಗೆ ತಲೆಗಿಲೆ ಕೆಟ್ಟಿದೆಯಾ? ಆ ಹುಡುಗನಿಗೆ ಬಿದ್ದಿದ್ದು ಮರೆತುಹೋಯ್ತಾ?" ಎಂದರು. "ಮರೆತಿಲ್ಲ. ಬಿದ್ದರೆ ನನಗೆ ಒಂದು ಬೀಳುತ್ತೆ. ಇವಳಿಗೆ ಇಡೀ ಜನ್ಮ ಬಾಯಿ ಹೋದರೆ?" ಎಂದರು ಅಕ್ಕ. ಗಂಡ ಈ ಸಲ ನಗಲಿಲ್ಲ.

ಬೆಳಗಿನ ಪಾಳಿ ಮುಗಿಸಿ, ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಅಕ್ಕ ಹೋಗಿ ಮಗಳನ್ನು ಕರೆತರುತ್ತಾರೆ. ತಾವೇ ತೊಳೆದ ಬಸ್ಸುಗಳಲ್ಲೊಂದರಲ್ಲಿ ಪ್ರಯಾಣ. ಮೊದಲ ದಿನ ಪುಟ್ಟಿಯನ್ನು ಕಿಟಕಿಯ ಪಕ್ಕ ಕೂರಿಸಿಕೊಂಡರು. ಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ, ಮನೆ ಮಾತಲ್ಲಿ, ಕಿಟಕಿಯಾಚೆ ಕಂಡದ್ದನ್ನೆಲ್ಲ ಹೇಳುತ್ತಾ ಹೋದರು. ನೋಡು ನಾಯಿ. ನೋಡು ಏಣಿ ಹತ್ತಿ ಬಣ್ಣ ಹಚ್ಚುತ್ತಿರುವ ತಾತ. ಪುಟ್ಟಿ ಗಾಬರಿಯಾಗಿ ಅಮ್ಮನ ತೋಳು ಜಗ್ಗಿದಳು. ಮುಂದಿನ ಸೀಟಿನವನು ತಿರುಗಿ, "ಇಲ್ಲಿಯ ಭಾಷೆ ಬರಲ್ವೇನಮ್ಮ?" ಎಂದ. ಅಕ್ಕ ಊರ ಮಾತಲ್ಲಿ, "ಬರುತ್ತೆ ಸಾರ್. ಇದು ಮಗಳ ಜೊತೆ ಆಡೋ ಮಾತು" ಎಂದರು. ಅವನು ಗುರುಗುಟ್ಟಿ ಮುಂದೆ ತಿರುಗಿಕೊಂಡ. ಇಳಿದ ಮೇಲೆ ಅಕ್ಕ ಗೋಡೆ ಹಿಡಿದು ಸುಧಾರಿಸಿಕೊಳ್ಳಬೇಕಾಯಿತು.

ಮಾರನೆಯ ದಿನ ಮತ್ತೆ ಶುರು. ಕಿಟಕಿಯದೆಲ್ಲ ಖಾಲಿಯಾದ ಮೇಲೆ ಕತೆ ಹಿಡಿದರು. ಕೆಲವು ದಿನ ಯಾರೂ ಏನೂ ಅನ್ನಲಿಲ್ಲ, ಕೆಲವು ದಿನ ಅಂದರು. ಒಬ್ಬಾಕೆ ಎದ್ದು ಬೇರೆ ಸೀಟಿಗೆ ಹೋದಳು. ಇನ್ನೊಬ್ಬಾಕೆ, ವಯಸ್ಸಾದವರು, ಏನೂ ಅರ್ಥವಾಗದಿದ್ದರೂ ಕತೆಯನ್ನು ಪೂರ್ತಿ ಕೇಳಿ ತಲೆದೂಗಿ ಇಳಿದರು. ಯಾರೋ ಡಿಪೊಗೆ ದೂರನ್ನೂ ಕೊಟ್ಟರು. ಮೇಸ್ತ್ರಿ ಕರೆದು, "ಬಸ್ಸಲ್ಲಿ ಗದ್ದಲ ಮಾಡ್ತೀರಂತೆ?" ಎಂದರು. ಅಕ್ಕ ನಡೆದದ್ದೆಲ್ಲ ಹೇಳಿದರು. ಮೇಸ್ತ್ರಿಗೂ ಮೊಮ್ಮಕ್ಕಳಿದ್ದಾರೆ. ಪೈಪು ಎಳೆದು ಅಕ್ಕನ ಕೈಗೆ ಕೊಟ್ಟು, "ಬಸ್ಸಲ್ಲಿ ಮಾತಾಡಬಾರದು ಅಂತ ಯಾವ ಕಾನೂನೂ ಇಲ್ಲ ಬಿಡಿ" ಎಂದರು. ಅವರು ಪಕ್ಷ ಬದಲಾಯಿಸಿದರೋ ಇಲ್ಲವೋ, ಅಕ್ಕ ಕೇಳಿಲ್ಲ.

ಇಷ್ಟಾದರೂ ಪುಟ್ಟಿ ಮಾತ್ರ ತುಟಿ ಬಿಚ್ಚಲಿಲ್ಲ. ಅಕ್ಕ ಹೇಳುತ್ತಾ ಹೋದರು, ಅವಳು ಕೇಳುತ್ತಾ ಹೋದಳು. ತೋಳು ಜಗ್ಗುವುದನ್ನು ಬಿಟ್ಟಿದ್ದಳು, ಅಷ್ಟೇ.

ಕಳೆದ ತಿಂಗಳ ಒಂದು ಮಧ್ಯಾಹ್ನ. ಡಿಪೊದಲ್ಲಿ ಇಬ್ಬರು ರಜೆಯಲ್ಲಿದ್ದರು, ಅವರ ಬಸ್ಸುಗಳೂ ಅಕ್ಕನ ತಲೆಗೇ ಬಿದ್ದಿದ್ದವು. ಬಸ್ಸಿನಲ್ಲಿ ಮಗಳ ಪಕ್ಕ ಕೂತು ಕತೆ ಶುರು ಮಾಡಿದರು, ಅರ್ಧಕ್ಕೇ ಕಣ್ಣು ಎಳೆಯಿತು. ಎದುರಿನ ಖಾಲಿ ಸೀಟಿನ ಮೇಲೆ ಚಪ್ಪಲಿ ಸಮೇತ ಕಾಲು ಚಾಚಿದ್ದು ಅವರ ಅರಿವಿಗೇ ಬರಲಿಲ್ಲ.

"ಅಮ್ಮ, ಕಾಲು ತೆಗಿ."

ಮನೆಯಲ್ಲಿದ್ದೇನೆ ಎಂದುಕೊಂಡು ಅಕ್ಕ ಹೂಂಗುಟ್ಟಿ ಮಗ್ಗುಲಾದರು.

"ತೆಗಿ ಅಂದ್ನಲ್ಲ. ಬೆಳಿಗ್ಗೆ ನೀನೇ ಒರೆಸಿದ ಸೀಟು ಅದು. ನಾಳೆ ಮತ್ತೆ ಯಾರು ಒರೆಸ್ತಾರೆ? ನಿನಗೆ ಸ್ವಲ್ಪಾನಾದ್ರೂ ಬುದ್ಧಿ ಇದೆಯಾ?"

ಅಕ್ಕ ಕಣ್ಣು ಬಿಟ್ಟರು. ಬಸ್ಸಿನಲ್ಲಿ ಸುಮಾರು ಜನ. ಎಲ್ಲರೂ ಇವರ ಕಡೆಗೇ ತಿರುಗಿದ್ದಾರೆ. ಪುಟ್ಟಿ ಸೀಟಿನ ಮೇಲೆ ಮಂಡಿಯೂರಿ, ಸೊಂಟಕ್ಕೆ ಕೈ ಕೊಟ್ಟು, ಥೇಟ್ ಅಮ್ಮನದೇ ಧಾಟಿಯಲ್ಲಿ, ಶುದ್ಧ ಮನೆ ಮಾತಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ. ಅಕ್ಕ ಗಡಬಡಿಸಿ ಕಾಲು ಇಳಿಸಿದರು, ಸೆರಗಿನಿಂದ ಸೀಟು ಒರೆಸಿದರು. ಅಷ್ಟಕ್ಕೇ ಬಿಟ್ಟಳೇ? ಕತೆ ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಬೈದಳು. ಚಪ್ಪಲಿಗೆ ಕೆಸರು ಮೆತ್ತಿಸಿಕೊಂಡದ್ದಕ್ಕೆ ಬೈದಳು. ಬಸ್ಸು ಇಳಿದು, ಬೀದಿ ದಾಟಿ, ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವವರೆಗೂ ಬೈಯುತ್ತಲೇ ಬಂದಳು. ಅಕ್ಕ ಎದುರು ಮಾತಾಡಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ ಹಿಂದೆ ಹಿಂದೆ ನಡೆದರು.

ಎಲ್ಲ ಸರಿಹೋಯಿತು ಎಂದು ಹೇಳುವಂತಿಲ್ಲ. ಪುಟ್ಟಿ ಶಾಲೆಯಲ್ಲಿ ಈಗ ಟೀಚರಮ್ಮನ ಕಿವಿಗೆ ಮಾತ್ರ ಒಂದೆರಡು ಮಾತು ಹೇಳುತ್ತಾಳೆ. ಗಂಡ ಹಲ್ಲು ಕಡಿಯುವುದು ನಿಂತಿಲ್ಲ. ಅಕ್ಕನ ಹೊಟ್ಟೆಯ ಉರಿಗೆ ಮಾತ್ರೆ ನಡೆದೇ ಇದೆ. ಮೊನ್ನೆ ಅದೇ ಡಾಕ್ಟರರ ಹತ್ತಿರ ಹೋಗಿ, "ಚಿಂತೆ ಇದೆ" ಎಂದು ಹೇಳಿ ಬಂದರಂತೆ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಕೆಟ್ ಅಕ್ಕ ಕೊಳೆ ನೀರನ್ನು ಮೋರಿಗೆ ಚೆಲ್ಲಿ, ಹೊಸ ನೀರಿಗೆ ನಲ್ಲಿ ತಿರುಗಿಸುತ್ತಾರೆ.

"ಅವತ್ತು ಬೈದಳಲ್ಲ, ಹಾಗೇ ಬೈತಾ ಇರಲಿ. ಬಸ್ಸಲ್ಲಿ, ಬೀದೀಲಿ, ಅಂಗಡಿ ಮುಂದೆ. ಇನ್ನೂ ಸ್ವಲ್ಪ ಜೋರಾಗೇ ಬೈಲಿ. ಬೈಸಿಕೊಳ್ಳೋಕೆ ನಾನಿದ್ದೀನಿ."